ಲೇಸರ್ ಚುಕ್ಕಿಯೊಳಗಿನ ರವೆ

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಕೆಂಪು ಲೇಸರ್ ಪಾಯಿಂಟರ್ ಇದೆ. ಗೋಡೆಗೆ ಬಿಟ್ಟರೆ ಚುಕ್ಕಿಯೊಳಗೆ ರವೆ ಚೆಲ್ಲಿದ ಹಾಗೆ ಕಾಳುಗಳು ಮಿನುಗುತ್ತವೆ. ಇವುಗಳಿಂದಲೇ ಬೆಳಕಿನ ತರಂಗಾಂತರ ಅಳೆಯಬಹುದು ಎಂದು ನಮ್ಮ ಲೆಕ್ಚರರ್ ಹೇಳಿದರು. ಅದು ಹೇಗೆ?
– ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ನಿಮ್ಮ ಕಾಗದ ಓದಿದ ರಾತ್ರಿಯೇ ನಡುಮನೆಯ ದೀಪ ಆರಿಸಿ, ಸುಣ್ಣದ ಗೋಡೆಗೆ ಲೇಸರ್ ಬಿಟ್ಟು ಕೂತೆ. ರವೆ ಅಂದಿರಲ್ಲ, ಸರಿಯಾದ ಮಾತು. ಕನ್ನಡಕ ತೆಗೆದೆ. ಚುಕ್ಕಿಯ ಅಂಚು ಮಸುಕಾಯಿತು, ಒಳಗಿನ ಕಾಳು ಮಾತ್ರ ಅಷ್ಟೇ ಚೊಕ್ಕವಾಗಿ ಕಂಡವು! ತಲೆಯನ್ನು ಮೆಲ್ಲಗೆ ಬಲಕ್ಕೆ ಸರಿಸಿದರೆ ಅವು ಎಡಕ್ಕೆ ಹರಿದವು. ನನಗೆ ಸಮೀಪದೃಷ್ಟಿ, ಅದಕ್ಕೇ ಹಾಗೆ. ದೂರದೃಷ್ಟಿಯವರಿಗೆ ತಲೆ ಹೋದ ಕಡೆಗೇ ಹೋಗುತ್ತವೆ. ಅಂದರೆ ಕಾಳುಗಳು ಗೋಡೆಯಲ್ಲಿಲ್ಲ, ನಮ್ಮ ಕಣ್ಣೊಳಗೆ ಮೂಡುತ್ತಿವೆ. ಇದಕ್ಕೆ ಸ್ಪೆಕಲ್ ಎನ್ನುತ್ತಾರೆ.

ಬೆಳಕಿನ ಅಲೆಯ ಒಂದು ಏರಿನಿಂದ ಮುಂದಿನ ಏರಿಗಿರುವ ದೂರವೇ ತರಂಗಾಂತರ. ಕೆಂಪು ಬೆಳಕಿನದು ಸುಮಾರು 650 ನ್ಯಾನೋಮೀಟರ್. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ನ್ಯಾನೋಮೀಟರ್. ಅಷ್ಟು ಚಿಕ್ಕ ಅಲೆಗೆ ನುಣುಪು ಗೋಡೆಯೂ ಬೆಟ್ಟಗುಡ್ಡವೇ. ಒಂದೊಂದು ಉಬ್ಬಿನಿಂದಲೂ ಬೆಳಕು ಒಂದೊಂದು ದಾರಿ ಹಿಡಿದು ಬರುತ್ತದೆ. ಅಲೆಯ ಏರಿಗೆ ಏರು ಕೂಡಿದರೆ ಬೆಳಕಿನ ಕಾಳು, ಏರಿಗೆ ಇಳಿವು ಸಿಕ್ಕರೆ ಕತ್ತಲೆ.

ಈಗ ಅಳತೆಗೆ ಬರೋಣ. ಎರಡು ಕಿರಣಗಳ ದಾರಿಯಲ್ಲಿ ಒಂದು ಮೀಟರ್ ವ್ಯತ್ಯಾಸ ಇದೆ ಅನ್ನಿ. ಆ ಒಂದು ಮೀಟರಿನಲ್ಲಿ 15 ಲಕ್ಷಕ್ಕೂ ಜಾಸ್ತಿ ಅಲೆಗಳು ಹಿಡಿಸುತ್ತವೆ. ತರಂಗಾಂತರ ಬರೀ 0.0002 ನ್ಯಾನೋಮೀಟರ್ ಬದಲಾದರೂ ಲೆಕ್ಕ ಅರ್ಧ ಅಲೆ ತಪ್ಪುತ್ತದೆ, ಬೆಳಕಿದ್ದಲ್ಲಿ ಕತ್ತಲೆ ಬರುತ್ತದೆ. ನಿಮ್ಮ ಗೋಡೆಯ ಉಬ್ಬುತಗ್ಗು ತೀರಾ ಸಣ್ಣದು, ಅಲ್ಲಿ ಇಷ್ಟು ಸೂಕ್ಷ್ಮ ಗೊತ್ತಾಗುವುದಿಲ್ಲ. ಬೆಳಕನ್ನು ಬೇಕೆಂದೇ ಸುತ್ತಾಡಿಸಬೇಕು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದವರು ಮಾಡಿದ್ದು ಇದನ್ನೇ. ಒಳಗೆಲ್ಲ ಬಿಳುಪಾದ ಟೊಳ್ಳು ಗೋಳಕ್ಕೆ ಲೇಸರ್ ಬಿಟ್ಟರು. ಬೆಳಕು ಗೋಡೆಯಿಂದ ಗೋಡೆಗೆ ಪುಟಿದು ಪುಟಿದು ಹೊರಬಂದಾಗ ಮೂಡಿದ ಕಾಳುಗಳ ಚಿತ್ತಾರವನ್ನು ಕ್ಯಾಮೆರಾದಲ್ಲಿ ಹಿಡಿದರು. 2017ರಲ್ಲಿ ಪ್ರಕಟವಾದ ಅವರ ಅಳತೆ ಒಂದು ಫೆಮ್ಟೋಮೀಟರಿಗಿಂತ ಕಡಿಮೆ ವ್ಯತ್ಯಾಸವನ್ನೂ ಗುರುತಿಸಿತು. ಒಂದು ನ್ಯಾನೋಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಅದು!

ಆದರೆ ಚಿತ್ತಾರ ನೋಡಿ ತರಂಗಾಂತರ ಹೇಳುವುದು ಹೇಗೆ? ಗೊತ್ತಿರುವ ತರಂಗಾಂತರಗಳ ಚಿತ್ತಾರಗಳನ್ನು ಮೊದಲೇ ಕಂಪ್ಯೂಟರಿಗೆ ತೋರಿಸಿ ಕಲಿಸಿರುತ್ತಾರೆ. ಉತ್ತರಪತ್ರಿಕೆ ತಿದ್ದಿ ತಿದ್ದಿ ನನಗೂ ಹೆಸರು ನೋಡದೆಯೇ ಕೈಬರಹ ಯಾರದೆಂದು ತಿಳಿಯುತ್ತಿತ್ತು, ಹಾಗೆ. ಗೋಳ ಬಿಸಿಯಾದರೆ, ಅಲುಗಿದರೆ ಆ ಕೈಬರಹವೇ ಬದಲಾಗುತ್ತದೆ. ಮತ್ತೆ ಕಲಿಸಬೇಕು.

ಇನ್ನೊಂದು ವಿಷಯ ಹೇಳದಿರಲಾರೆ. ಲೇಸರ್ ಹುಟ್ಟಿದ್ದು 1960ರಲ್ಲಿ. ಅದಕ್ಕೂ 17 ವರ್ಷ ಮೊದಲೇ, 1943ರಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಜಿ. ಎನ್. ರಾಮಚಂದ್ರನ್ ಇಂಥ ಕಾಳುಗಳ ಲೆಕ್ಕಾಚಾರದ ಮೇಲೆ ಪ್ರಬಂಧ ಬರೆದಿದ್ದರು. ಸಣ್ಣ ಪುಡಿ ಉದುರಿಸಿದ ಗಾಜಿನ ಮೂಲಕ ಬಂದ ಬೆಳಕಿನಲ್ಲಿ ಅವರು ಇದನ್ನು ಕಂಡಿದ್ದರು. ಪಾಠದಲ್ಲಿ ಈ ಮಾತು ಬರಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ನೀವೂ ಮಾಡಿ ನೋಡಿ. ರಟ್ಟಿಗೆ ಗುಂಡುಪಿನ್ನಿನಿಂದ ತೂತು ಕೊರೆದು, ಅದರ ಮೂಲಕ ಗೋಡೆಯ ಚುಕ್ಕಿ ನೋಡಿ. ಕಾಳು ದಪ್ಪವಾಗುತ್ತವೆ. 532 ನ್ಯಾನೋಮೀಟರಿನ ಹಸಿರು ಲೇಸರ್ ಸಿಕ್ಕರೆ ಅದೇ ತೂತಿನಲ್ಲಿ ನೋಡಿ. ಕಾಳು ಕೆಂಪಿನದಕ್ಕಿಂತ ಸಣ್ಣವು, ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು. ಲೇಸರ್ ಮಾತ್ರ ಯಾರ ಕಣ್ಣಿಗೂ ನೇರ ಬೀಳಬಾರದು. ಕನ್ನಡಿ, ಸ್ಟೀಲ್ ತಟ್ಟೆ ಕಡೆಗೂ ತಿರುಗಿಸಬೇಡಿ.