ಇನ್ನೊಂದು ಮಗು ಯಾವುದು?

ಓದುಗರ ಪತ್ರ: ‘ಯುಗಾದಿ ದಿನ ನಮ್ಮ ಮನೆಯಲ್ಲಿ ಒಂದು ವಾದ ಹತ್ತಿಕೊಂಡಿತು. ಒಬ್ಬರಿಗೆ ಇಬ್ಬರು ಮಕ್ಕಳು, ಅದರಲ್ಲಿ ಒಂದು ಗಂಡು. ಎರಡೂ ಗಂಡಾಗಿರುವ ಸಂಭವನೀಯತೆ ಎಷ್ಟು ಎಂದು ಇಂಜಿನಿಯರಿಂಗ್ ಓದುತ್ತಿರುವ ತಂಗಿ ಮಗಳು ಕೇಳಿದಳು. ಅರ್ಧ ಅಂದೆ. ಅಲ್ಲ ಮಾವ, ಮೂರರಲ್ಲಿ ಒಂದು ಅಂತಾಳೆ. ಒಂದು ಮಗು ಇನ್ನೊಂದರ ಮುಖ ನೋಡಿಕೊಂಡು ಹುಟ್ಟುತ್ತದೆಯೇ? ತೀರ್ಪು ಕೊಡಿ. ಹಾಗೆಯೇ, ಗಂಡು ಹುಟ್ಟುವವರೆಗೂ ಹೆರುತ್ತಿದ್ದ ಕಾಲದಲ್ಲಿ ಊರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ ಇದ್ದಿರಬೇಕಲ್ಲವೇ?’ – ಓದುಗರು, ತಿಪಟೂರು

ಸಂಪಾದಕರ ಉತ್ತರ: ಮುಖ ನೋಡಿಕೊಂಡು ಹುಟ್ಟುವುದಿಲ್ಲ, ಒಪ್ಪಿದೆ. ಆದರೆ ಅದನ್ನು ನಿಮ್ಮ ತಂಗಿ ಮಗಳೂ ಅಲ್ಲಗಳೆದಿಲ್ಲ. ಅವಳ ‘ಮೂರರಲ್ಲಿ ಒಂದು’ ನಿಂತಿರುವುದೇ ಆ ಮಾತಿನ ಮೇಲೆ.

ಎರಡೇ ಮಕ್ಕಳಿರುವ 400 ಮನೆ ತೆಗೆದುಕೊಳ್ಳಿ. ಹಿರಿಯದನ್ನು ಮೊದಲು ಬರೆದರೆ, ಗಂಡು-ಗಂಡು 100 ಮನೆ, ಗಂಡು-ಹೆಣ್ಣು 100, ಹೆಣ್ಣು-ಗಂಡು 100, ಹೆಣ್ಣು-ಹೆಣ್ಣು 100. ಈಗ ಗಣತಿಗೆ ಹೊರಟ ಮೇಷ್ಟ್ರ ಹಾಗೆ ಪ್ರತಿ ಮನೆಯಲ್ಲೂ ‘ಗಂಡು ಮಗು ಇದೆಯೇ?’ ಎಂದು ಕೇಳುತ್ತಾ ಹೋಗಿ. 300 ಮನೆಯವರು ಹೌದು ಅನ್ನುತ್ತಾರೆ. ಆ 300ರಲ್ಲಿ ಎರಡೂ ಗಂಡಿರುವ ಮನೆ 100. ಮೂರರಲ್ಲಿ ಒಂದು. ನೀವು ಒಂದು ಮಗುವನ್ನು ತೋರಿಸಿ ‘ಇದು ಗಂಡು, ಇನ್ನೊಂದು?’ ಎಂದು ಕೇಳಿಲ್ಲ. ಇಡೀ ಮನೆಯ ಬಗ್ಗೆ ಕೇಳಿದ್ದೀರಿ. ನಿಮ್ಮ ಲೆಕ್ಕದಲ್ಲಿರುವ ಆ ‘ಇನ್ನೊಂದು’ ಮಗು ಇಲ್ಲಿ ಇಲ್ಲವೇ ಇಲ್ಲ.

ಅದೇ 400 ಮನೆಗೆ ಬೇರೆ ರೀತಿಯಲ್ಲಿ ಹೋಗೋಣ. ಏನೂ ಕೇಳಬೇಡಿ, ಬಾಗಿಲು ತಟ್ಟಿ ಸಾಕು. ಇಬ್ಬರಲ್ಲಿ ಯಾರಾದರೂ ಓಡಿ ಬರಬಹುದು, ಇಬ್ಬರಿಗೂ ಸಮ ಅವಕಾಶ. ಎರಡೂ ಗಂಡಿರುವ 100 ಮನೆಯಲ್ಲಿ ಬಾಗಿಲು ತೆಗೆಯುವವನು ಹುಡುಗನೇ. ಒಂದು ಗಂಡು ಒಂದು ಹೆಣ್ಣಿರುವ 200 ಮನೆಯಲ್ಲಿ ಹುಡುಗ ಬರುವುದು 100 ಕಡೆ ಮಾತ್ರ, ಉಳಿದ 100 ಕಡೆ ಹುಡುಗಿ. ಒಟ್ಟು 200 ಬಾಗಿಲಲ್ಲಿ ಹುಡುಗ ಕಂಡ. ಅದರಲ್ಲಿ 100 ಮನೆಯಲ್ಲಿ ಒಳಗಿರುವುದೂ ಹುಡುಗನೇ. ಅರ್ಧಕ್ಕರ್ಧ. ‘ಹಿರಿಯವನು ಗಂಡು’ ಎಂದು ಯಾರಾದರೂ ಹೇಳಿದರೂ ಅರ್ಧವೇ.

ಅದೇ ಮನೆ, ಅದೇ ಮಕ್ಕಳು, ಉತ್ತರ ಮಾತ್ರ ಬೇರೆ. ಮನೆಯಲ್ಲಿ ಗಂಡು ಮಗು ಇದೆ ಎಂಬುದು ನಿಮಗೆ ಯಾವ ದಾರಿಯಲ್ಲಿ ತಿಳಿಯಿತು ಎನ್ನುವುದನ್ನು ಬಿಟ್ಟು ಈ ಲೆಕ್ಕ ಮಾಡಲು ಬರುವುದಿಲ್ಲ. ಈ ಒಗಟನ್ನು ಜನಪ್ರಿಯಗೊಳಿಸಿದ ಮಾರ್ಟಿನ್ ಗಾರ್ಡ್ನರ್ 1959ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಅಂಕಣದಲ್ಲಿ ಮೂರರಲ್ಲಿ ಒಂದು ಎಂದೇ ಬರೆದರು. ಓದುಗರು ಹಿಡಿದು ಕೇಳಿದ ಮೇಲೆ ಪ್ರಶ್ನೆಗೆ ಎರಡರ್ಥವಿದೆ ಎಂದು ಅದೇ ವರ್ಷ ಒಪ್ಪಿಕೊಂಡರು. 1990ರ ದಶಕದಲ್ಲಿ ‘ಪರೇಡ್’ ಪತ್ರಿಕೆಯ ಅಂಕಣಕಾರ್ತಿ ಮರಿಲಿನ್ ವಾಸ್ ಸವಾಂಟ್ ವಾದವನ್ನು ಮನೆಬಾಗಿಲಿಗೇ ಒಯ್ದರು: ಎರಡೇ ಮಕ್ಕಳಿದ್ದು ಒಂದಾದರೂ ಗಂಡಾಗಿರುವ ತಾಯಂದಿರು ತಮಗೆ ಬರೆಯಬೇಕು ಅಂದರು. 17,946 ಉತ್ತರ ಬಂದವು. ಎರಡೂ ಗಂಡು ಅಂದವರು ಶೇ 35.9. ಅರ್ಧಕ್ಕಿಂತ ಬಹಳ ಕಡಿಮೆ, ಮೂರನೇ ಒಂದಕ್ಕಿಂತ ತುಸು ಜಾಸ್ತಿ. ಹುಟ್ಟಿನಲ್ಲಿ ಸಹಜವಾಗಿಯೇ 100 ಹೆಣ್ಣಿಗೆ ಸುಮಾರು 105 ಗಂಡು ಇರುವುದರಿಂದ ಲೆಕ್ಕ ಶೇ 34.4ರವರೆಗೆ ಏರುತ್ತದೆ. ಮಿಕ್ಕಿದ್ದಕ್ಕೆ, ಯಾರು ಕೂತು ಪತ್ರ ಬರೆದರು ಎನ್ನುವುದೂ ಕಾರಣವಿರಬಹುದು. ಪತ್ರ ಬರೆಯುವವರ ಸ್ವಭಾವ ನಮಗೆ ಗೊತ್ತಿಲ್ಲದ್ದೇನಲ್ಲ!

ಅಂದಮೇಲೆ ತೀರ್ಪು: ಪತ್ರದಲ್ಲಿರುವ ಮಾತಿನಲ್ಲೇ ಆಕೆ ಕೇಳಿದ್ದರೆ, ಮೂರರಲ್ಲಿ ಒಂದು ಎಂದು ಪಟ್ಟು ಹಿಡಿಯುವ ಹಕ್ಕು ಆಕೆಗಿಲ್ಲ, ‘ಒಂದಾದರೂ ಗಂಡಿರುವ ಮನೆಗಳನ್ನೆಲ್ಲ ಆರಿಸಿಕೊಂಡರೆ’ ಎಂದು ಬಿಡಿಸಿ ಹೇಳಬೇಕಿತ್ತು. ನಿಮ್ಮ ಉತ್ತರಕ್ಕೂ ಜಾಗವಿದೆ, ಆದರೆ ನೀವು ಕೊಟ್ಟ ಕಾರಣಕ್ಕಿಲ್ಲ. ಮುಂದಿನ ಸಲ ಆಕೆ ‘ಮಂಗಳವಾರ ಹುಟ್ಟಿದ ಒಂದು ಗಂಡು ಮಗುವಿದೆ’ ಎಂದು ಶುರು ಮಾಡಿದರೆ ಹುಷಾರಾಗಿರಿ. 2010ರಲ್ಲಿ ಗ್ಯಾರಿ ಫೋಶಿ ಎಂಬವರು ಗಾರ್ಡ್ನರ್ ಅಭಿಮಾನಿಗಳ ಸಮ್ಮೇಳನದಲ್ಲಿ ಎಸೆದ ಪ್ರಶ್ನೆ ಅದು. ಅಂಥ ಮಗುವಿರುವ ಮನೆಗಳನ್ನೇ ಹುಡುಕಿ ಆರಿಸಿದರೆ ಉತ್ತರ 27ರಲ್ಲಿ 13. ಲಿಂಗ ಮತ್ತು ವಾರ ಸೇರಿ ಒಂದು ಮಗುವಿಗೆ 14 ಬಗೆ, ಇಬ್ಬರಿಗೆ 196. ಅವುಗಳಲ್ಲಿ ಮಂಗಳವಾರದ ಹುಡುಗನಿರುವುದು 27, ಎರಡೂ ಗಂಡಿರುವುದು 13. ಗುರುತು ಬಿಗಿಯಾದಷ್ಟೂ ಅದು ಒಂದೇ ಮಗುವಿಗೆ ಅಂಟಿಕೊಳ್ಳುತ್ತದೆ, ಉತ್ತರ ಅರ್ಧದ ಹತ್ತಿರ ಸರಿಯುತ್ತದೆ.

ಇನ್ನು ಎರಡನೇ ಪ್ರಶ್ನೆ. ಇಲ್ಲ, ಹೆಣ್ಣು ಜಾಸ್ತಿಯಾಗುವುದಿಲ್ಲ. ಇಲ್ಲಿ ನಿಮ್ಮ ಮುಖ ನೋಡುವ ಮಾತು ಪೂರ್ತಿ ಸಲ್ಲುತ್ತದೆ. 400 ಮನೆಯ ಚೊಚ್ಚಲ ಹೆರಿಗೆಯಲ್ಲಿ 200 ಗಂಡು, 200 ಹೆಣ್ಣು. ಹೆಣ್ಣಾದ 200 ಮನೆಯವರು ಮತ್ತೆ ಹೆತ್ತರೆ 100, 100. ಆಮೇಲೆ 50, 50. ಯಾವ ಸುತ್ತಿನಲ್ಲಿ ನಿಲ್ಲಿಸಿದರೂ ಒಟ್ಟು ಸಮವೇ. ಬದಲಾಗುವುದು ಮನೆಯೊಳಗಿನ ಚಿತ್ರ: ಎಲ್ಲರೂ ಹೀಗೇ ಮಾಡಿದರೆ ಯಾವ ಗಂಡುಹುಡುಗನಿಗೂ ತಮ್ಮ ತಂಗಿಯರಿರುವುದಿಲ್ಲ, ಹೆಣ್ಣುಮಕ್ಕಳು ದೊಡ್ಡ ಸಂಸಾರಗಳಲ್ಲಿ, ತಮ್ಮಂದಿರನ್ನು ಎತ್ತಿಕೊಂಡು ಬೆಳೆಯುತ್ತಾರೆ. ದೇಶದಲ್ಲಿ 0–6 ವಯಸ್ಸಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ 1991ರ ಗಣತಿಯ 945ರಿಂದ 2001ಕ್ಕೆ 927ಕ್ಕೆ ಇಳಿದದ್ದನ್ನು ‘ಗಂಡು ಹುಟ್ಟಿದ ಮೇಲೆ ಸಾಕು’ ಎಂಬ ಹಠ ವಿವರಿಸಲಾರದು. ಅದರ ಹಿಂದೆ ಮುಖ್ಯವಾಗಿ ಇದ್ದದ್ದು ಸ್ಕ್ಯಾನಿಂಗ್ ಮಾಡಿಸಿ ಹೆಣ್ಣು ಎಂದು ತಿಳಿದು ತೆಗೆಸುತ್ತಿದ್ದುದು. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲೇ ಬಂದಿತ್ತು.