ಡಾಕ್ಯುಮೆಂಟೇಶನ್ ತಪ್ಪೋ, ಕೋಡ್ ತಪ್ಪೋ?

ಈ ಸಲ ಬಂದ ಪ್ರಶ್ನೆಗಳೆಲ್ಲ ಎಸ್‌ಡಿಎಲ್ ಸುತ್ತಲೇ ಇವೆ. ಗೊತ್ತಿಲ್ಲದವರಿಗೆ ಎರಡು ಮಾತು. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲ ಕಡೆಯೂ ವಿಂಡೋ ತೆರೆಯೋಕೆ, ಕೀಬೋರ್ಡ್ ಓದೋಕೆ, ಸದ್ದು ಹೊರಡಿಸೋಕೆ ಒಂದೇ ಥರದ ಫಂಕ್ಷನ್‌ಗಳನ್ನು ಕೊಡುವ ಸಿ ಲೈಬ್ರರಿ ಇದು. ಸ್ಯಾಮ್ ಲ್ಯಾಂಟಿಂಗಾ 1998ರಲ್ಲಿ ಶುರು ಮಾಡಿದರು. ಎಸ್‌ಡಿಎಲ್ 2 ಬಂದಿದ್ದು 2013ರಲ್ಲಿ, ಎಸ್‌ಡಿಎಲ್ 3ರ ಮೊದಲ ಸ್ಟೇಬಲ್ ಬಿಡುಗಡೆ 2025ರ ಜನವರಿಯಲ್ಲಿ. ಬನ್ನಿ, ಪ್ರಶ್ನೆಗಳಿಗೆ.

ಪ್ರಶ್ನೆ: ಎಸ್‌ಡಿಎಲ್‌ಗೆ ಏನಾದ್ರೂ ಕೊಡುಗೆ ಕೊಡಬೇಕು ಅಂತ ಆಸೆ ಇದೆ. "ಡಾಕ್ಯುಮೆಂಟೇಶನ್ ತಿದ್ದೋದು ಸುಮ್ನೆ ಟೈಮ್‌ಪಾಸ್, ಮಾಡೋದಾದ್ರೆ ಬಗ್ ಫಿಕ್ಸ್ ಮಾಡು" ಅಂತ ಸೀನಿಯರ್‌ಗಳು ಹೇಳ್ತಾರೆ. ಎಲ್ಲಿಂದ ಶುರು ಮಾಡಲಿ? – ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಸೀನಿಯರ್‌ಗಳು ಇವೆರಡನ್ನೂ ಬೇರೆ ಬೇರೆ ಕೆಲಸ ಅಂದುಕೊಂಡಿದ್ದಾರೆ. ನಾನು ಹಾಗೆ ಅಂದುಕೊಂಡಿಲ್ಲ. ಒಂದು ಫಂಕ್ಷನ್ ತಪ್ಪು ಮಾಡ್ತಿದೆ ಅಂತ ಹೇಳಬೇಕಾದರೆ ಸರಿ ಯಾವುದು ಅಂತ ಎಲ್ಲೋ ಒಂದು ಕಡೆ ಬರೆದಿರಬೇಕು, ಅಲ್ವಾ? ಆ ಬರಹವೇ ಡಾಕ್ಯುಮೆಂಟೇಶನ್.

ಒಂದು ಉದಾಹರಣೆ ನೋಡಿ. ಲೈಬ್ರರಿ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ ಹೇಳೋಕೆ 'ಗೆಟ್‌ಟಿಕ್ಸ್' ಅನ್ನುವ ಫಂಕ್ಷನ್ ಇದೆ. ಎಸ್‌ಡಿಎಲ್ 2ರಲ್ಲಿ ಅದು ಕೊಡೋದು 32 ಬಿಟ್‌ನ ಸಂಖ್ಯೆ. ಸುಮಾರು 49 ದಿನ ಆದಮೇಲೆ ಆ ಸಂಖ್ಯೆ ತುಂಬಿಹೋಗಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಆಟವನ್ನು ಯಾರಪ್ಪಾ 49 ದಿನ ನಿಲ್ಲಿಸದೆ ಆಡ್ತಾರೆ ಅಂತ ನಗಬಹುದು, ಆದರೆ ಇದೇ ಲೈಬ್ರರಿ ಇಟ್ಟುಕೊಂಡು ಒಬ್ಬರು ಬಸ್ ಸ್ಟ್ಯಾಂಡಿನ ಬೋರ್ಡಿಗೆ ಪ್ರೋಗ್ರಾಂ ಬರೆದು ಆಫ್ ಮಾಡದೆ ಬಿಟ್ಟರೆ ಐವತ್ತನೇ ದಿನದ ಹೊತ್ತಿಗೆ ಅದು ಕೆಟ್ಟು ನಿಲ್ಲಬಹುದು. ಇದು ಬಗ್ಗಾ? 49 ದಿನದ ವಿಷಯ ಬರೆದಿದ್ದರೆ ಬಗ್ ಅಲ್ಲ, ಬಳಸುವವರು ನೋಡಿಕೊಳ್ಳಬೇಕು. ಬರೆಯದಿದ್ದರೆ ಖಂಡಿತ ಬಗ್ಗೇ. ಕೋಡ್ ಒಂದಕ್ಷರವೂ ಬದಲಾಗಿಲ್ಲ ನೋಡಿ! ಆಮೇಲೆ 2.0.18ರಲ್ಲಿ 64 ಬಿಟ್‌ನ ಇನ್ನೊಂದು ಫಂಕ್ಷನ್ ಸೇರಿಸಿದರು, ಎಸ್‌ಡಿಎಲ್ 3ರಲ್ಲಿ ಮೂಲ ಫಂಕ್ಷನ್ನೇ 64 ಬಿಟ್ ಆಯಿತು.

ಶುರು ಮಾಡೋದು ಹೀಗೆ. ನೀವು ಈಗಾಗಲೇ ಬಳಸಿರುವ ಒಂದು ಫಂಕ್ಷನ್ ಆರಿಸಿಕೊಳ್ಳಿ. ಹೆಡರ್ ಫೈಲಿನಲ್ಲಿ (ಲೈಬ್ರರಿಯ ಫಂಕ್ಷನ್‌ಗಳ ಪಟ್ಟಿ ಇರುವ ಫೈಲ್) ಆ ಫಂಕ್ಷನ್‌ನ ಮೇಲಿರುವ ಕಾಮೆಂಟ್ ಓದಿ: ಏನು ಕೊಡಬೇಕು, ಏನು ವಾಪಸ್ ಬರುತ್ತದೆ, ಯಾವ ಥ್ರೆಡ್‌ನಿಂದ (ಪ್ರೋಗ್ರಾಂನಲ್ಲಿ ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆ) ಕರೀಬಹುದು, ಯಾವ ಆವೃತ್ತಿಯಿಂದ ಇದೆ. ಒಂದೊಂದು ಸಾಲಿಗೂ ಹತ್ತು ಸಾಲಿನ ಪ್ರೋಗ್ರಾಂ ಬರೆದು, ಅದು ಹೇಳಿದ ಹಾಗೇ ನಡೆಯುತ್ತದಾ ನೋಡಿ. ಪಾಯಿಂಟರ್ (ಮೆಮೊರಿಯ ವಿಳಾಸ) ಜಾಗದಲ್ಲಿ ನಲ್ (ಖಾಲಿ ವಿಳಾಸ) ಕೊಟ್ಟರೆ ಏನಾಗುತ್ತದೆ, ವಾಪಸ್ ಬಂದ ಸ್ಟ್ರಿಂಗಿನ ಮೆಮೊರಿ ಫ್ರೀ ಮಾಡಬೇಕಾದವರು ಯಾರು – ಬರೆಯೋರು ಮರೆಯೋದು ಇಂಥವನ್ನೇ. ಹೆಡರ್‌ನ ಕಾಮೆಂಟ್ ಮತ್ತು ಎಸ್‌ಡಿಎಲ್ ವಿಕಿಯ (ಡಾಕ್ಯುಮೆಂಟೇಶನ್ ಇರುವ ವೆಬ್‌ಸೈಟ್) ಪುಟ ಎರಡನ್ನೂ ಪರ್ಲ್ ಭಾಷೆಯ ಒಂದು ಸ್ಕ್ರಿಪ್ಟ್ ಹೊಂದಿಸುತ್ತದೆ, ಎರಡೂ ದಿಕ್ಕಿನಲ್ಲಿ. ವಿಕಿಯಲ್ಲಿ ತಿದ್ದಿದ್ದು ಹೆಡರ್‌ಗೂ ಬರುತ್ತದೆ. ಹೀಗಾಗಿ ವಿಕಿ ಒಂದು ಹೇಳಿ ಕೋಡಿನ ಕಾಮೆಂಟ್ ಇನ್ನೊಂದು ಹೇಳುವ ರಗಳೆ ಇಲ್ಲಿ ಕಮ್ಮಿ.

ಪ್ರಶ್ನೆ: ಹಳೇ ಟ್ಯುಟೋರಿಯಲ್ ನೋಡಿ ಬರೆದ ಕೋಡನ್ನು ಎಸ್‌ಡಿಎಲ್ 3ಕ್ಕೆ ತಂದೆ. ಲೈಬ್ರರಿ ಶುರು ಮಾಡುವ 'ಇನಿಟ್' ಫಂಕ್ಷನ್ ಫೇಲ್ ಆದ್ರೂ ನನ್ನ ಎರರ್ ಮೆಸೇಜ್ ಬರ್ತಾನೇ ಇಲ್ಲ. ಬಗ್ ಅಂತ ರಿಪೋರ್ಟ್ ಮಾಡಲಾ? – ಶಿವಮೊಗ್ಗ

ಉತ್ತರ: ಬೇಡ. ಎಸ್‌ಡಿಎಲ್ 2ರಲ್ಲಿ ಗೆದ್ದರೆ ಸೊನ್ನೆ, ಸೋತರೆ ಮೈನಸ್ ಸಂಖ್ಯೆ ಬರುತ್ತಿತ್ತು. 3ರಲ್ಲಿ ಗೆದ್ದರೆ ಟ್ರೂ, ಸೋತರೆ ಫಾಲ್ಸ್. ನಿಮ್ಮ ಹಳೇ ಕೋಡ್ 'ಸೊನ್ನೆಗಿಂತ ಕಮ್ಮಿ ಇದ್ಯಾ' ಅಂತ ಕೇಳುತ್ತಿದೆ. ಫಾಲ್ಸ್ ಅಂದರೆ ಸೊನ್ನೆ, ಸೊನ್ನೆಗಿಂತ ಕಮ್ಮಿ ಯಾವತ್ತೂ ಆಗಲ್ಲ. 'ಸೊನ್ನೆ ಅಲ್ವಾ' ಅಂತ ಕೇಳಿದ್ದಿದ್ದರೆ ಇನ್ನೂ ತಮಾಷೆ, ಎಲ್ಲ ಸರಿಯಾದಾಗಲೇ ಎರರ್ ಬರುತ್ತಿತ್ತು. ಇದೆಲ್ಲ ಮೈಗ್ರೇಶನ್ ಗೈಡ್‌ನಲ್ಲಿ (2ರಿಂದ 3ಕ್ಕೆ ಬರುವವರ ಕೈಪಿಡಿ) ಬರೆದಿದ್ದಾರೆ, ಸೋರ್ಸ್ ಜೊತೆಗೇ ಸಿಗುತ್ತದೆ.

ಪ್ರಶ್ನೆ: ನನ್ನ ಪ್ರೋಗ್ರಾಂ 'ಕೋಲಾರ' ಅಂತ ಕನ್ನಡದಲ್ಲೇ ಹೆಸರಿಟ್ಟ ಫೈಲ್ ತೆರೆಯಬೇಕು. ಲಿನಕ್ಸ್‌ನಲ್ಲಿ ತೆರೆಯುತ್ತೆ, ವಿಂಡೋಸ್‌ನಲ್ಲಿ ತೆರೆಯಲ್ಲ. ಸ್ನೇಹಿತನ ಹಳೇ ಮ್ಯಾಕ್‌ನಿಂದ ಬಂದ ಜಿಪ್ ಬಿಚ್ಚಿದರೆ ಫೈಲ್ ಕಣ್ಣ ಮುಂದೇ ಇದೆ, ಪ್ರೋಗ್ರಾಂ ಮಾತ್ರ ಇಲ್ಲ ಅನ್ನುತ್ತೆ. – ಕೋಲಾರ (ಮತ್ತಿನ್ನೇನು!)

ಉತ್ತರ: ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಇದರಲ್ಲಿ ಎರಡು ತೊಂದರೆ ಇವೆ.

ಮೊದಲನೆಯದು ವಿಂಡೋಸ್. ಅಲ್ಲಿ ಫೈಲ್ ತೆರೆಯುವ ಸಿ ಭಾಷೆಯ 'ಎಫ್‌ಓಪನ್' ಸಾಮಾನ್ಯವಾಗಿ ಫೈಲಿನ ಹೆಸರನ್ನು ಆ ಕಂಪ್ಯೂಟರಿನ ಕೋಡ್ ಪೇಜ್ (ಬೈಟ್‌ಗೆ ಅಕ್ಷರ ಹೊಂದಿಸುವ ಹಳೇ ಪಟ್ಟಿ) ಪ್ರಕಾರ ಓದುತ್ತದೆ, ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳಿರುವ ಯೂನಿಕೋಡನ್ನು ಬೈಟ್‌ಗಳಲ್ಲಿ ಬರೆಯುವ ರೀತಿ) ಅಂತ ಅಲ್ಲ. ಎಸ್‌ಡಿಎಲ್‌ನದೇ ಫೈಲ್ ಫಂಕ್ಷನ್ ಬಳಸಿದರೆ ಎಲ್ಲ ಕಡೆಯೂ ಯುಟಿಎಫ್-8 ಕೊಟ್ಟರೆ ಸಾಕು, ವಿಂಡೋಸ್‌ಗೆ ಬೇಕಾದ ಯುಟಿಎಫ್-16ಕ್ಕೆ ಅದೇ ಬದಲಾಯಿಸಿಕೊಳ್ಳುತ್ತದೆ.

ಎರಡನೆಯದು ಮ್ಯಾಕ್. 'ಕೋ' ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ಥರ ಬರೆಯಬಹುದು. ಕ ಆದಮೇಲೆ ಒಂದೇ ದೀರ್ಘ ಓತ್ವ ಹಾಕಿದರೆ ಒಟ್ಟು ಎರಡು ಸಂಕೇತ, ಯುಟಿಎಫ್-8ರಲ್ಲಿ 6 ಬೈಟ್. ಬಿಡಿಸಿ ಬರೆದರೆ ಕ, ಎತ್ವ, ಕೊಂಬಿನಿಳಿ, ದೀರ್ಘ – ನಾಲ್ಕು ಸಂಕೇತ, 12 ಬೈಟ್. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹಳೇ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಹೆಸರನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತಿತ್ತು. 2017ರಲ್ಲಿ ಬಂದ ಎಪಿಎಫ್‌ಎಸ್ ನೀವು ಕೊಟ್ಟ ಹಾಗೇ ಇಡುತ್ತದೆ, ಆದರೆ ಹುಡುಕುವಾಗ ಎರಡನ್ನೂ ಒಂದೇ ಅನ್ನುತ್ತದೆ. ಲಿನಕ್ಸ್‌ಗೆ ಅವು ಸುಮ್ನೆ ಬೈಟ್‌ಗಳು, ಅದರ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಫೈಲ್. ಹಾಗಾಗಿ ಆ ಜಿಪ್‌ನಲ್ಲಿ ಬಂದಿದ್ದು 12 ಬೈಟಿನ 'ಕೋ', ನಿಮ್ಮ ಪ್ರೋಗ್ರಾಂ ಹುಡುಕುತ್ತಿರೋದು 6 ಬೈಟಿನದು ಅಂತ ನನ್ನ ಅನುಮಾನ. ಫೋಲ್ಡರಿನ ಹೆಸರುಗಳನ್ನು ಒಂದೊಂದಾಗಿ ಓದಿ, ಎರಡೂ ಕಡೆಯದನ್ನು ಎನ್‌ಎಫ್‌ಸಿಗೆ (ಯೂನಿಕೋಡ್‌ನ ಕೂಡಿಸಿ ಬರೆಯುವ ರೂಪ) ತಂದು ಹೋಲಿಸಿ, ಹೊಂದಿದ್ದನ್ನು ಅದು ಇರುವ ಹೆಸರಿನಲ್ಲೇ ತೆರೆಯಿರಿ.

ಇಂಗ್ಲಿಷ್ ಹೆಸರನ್ನಷ್ಟೇ ಇಟ್ಟು ಟೆಸ್ಟ್ ಮಾಡೋರಿಗೆ ಇಂಥದ್ದು ಯಾವತ್ತೂ ಸಿಗಲ್ಲ. ಕನ್ನಡದವರು ಟೆಸ್ಟ್ ಬರೆಯಬೇಕಾದ ಜಾಗ ಇದು.

ಪ್ರಶ್ನೆ: ವಿಂಡೋಸ್‌ನಲ್ಲಿ ಮಾತ್ರ ಬರುವ ಬಗ್ ಇದೆ, ನನ್ನ ಹತ್ರ ಇರೋದು ಲಿನಕ್ಸ್ ಲ್ಯಾಪ್‌ಟಾಪ್. ಹೇಗೆ ಸರಿ ಮಾಡಲಿ? ಫೈಲ್ ದೊಡ್ಡದಾದ್ರೆ ಮಾತ್ರ ಅಳತೆ ತಪ್ಪು ಬರುತ್ತೆ. – ಬೆಂಗಳೂರು

ಉತ್ತರ: 'ದೊಡ್ಡದಾದ್ರೆ' ಅಂದರೆ 2 ಜಿಬಿ ದಾಟಿದಾಗ, ಅಲ್ವಾ? ಹಾಗಿದ್ದರೆ ಅಳತೆಯನ್ನು 'ಲಾಂಗ್' ಅನ್ನುವ ಸಂಖ್ಯೆಯ ಟೈಪ್‌ನಲ್ಲಿ ಇಟ್ಟಿದ್ದೀರಾ ನೋಡಿ. 64 ಬಿಟ್ ಲಿನಕ್ಸ್, ಮ್ಯಾಕ್‌ಗಳಲ್ಲಿ ಲಾಂಗ್ 64 ಬಿಟ್ ಇರುತ್ತದೆ, 64 ಬಿಟ್ ವಿಂಡೋಸ್‌ನಲ್ಲಿ ಮಾತ್ರ ಈಗಲೂ 32, ಅದರಲ್ಲಿ 2 ಜಿಬಿಗಿಂತ ದೊಡ್ಡ ಅಳತೆ ಹಿಡಿಯಲ್ಲ. ಎಲ್ಲ ಕಡೆಯೂ 64 ಬಿಟ್ಟೇ ಇರುವ ಟೈಪ್ ಬಳಸಿ.

ಮಷೀನ್ ಇಲ್ಲ ಅಂತ ಕೈಕಟ್ಟಿ ಕೂರಬೇಡಿ. ನಿಮ್ಮ ಕೋಡನ್ನು ಬೇರೆ ಕಂಪ್ಯೂಟರ್‌ಗಳಲ್ಲಿ ಓಡಿಸಿಕೊಡುವ ಗಿಟ್‌ಹಬ್ ಆಕ್ಷನ್ಸ್ ಸೇವೆಯಲ್ಲಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಸಿಗುತ್ತವೆ. ಮೊದಲು ಬಗ್ ತೋರಿಸುವ ಪುಟ್ಟ ಟೆಸ್ಟ್ ಬರೆದು ಅಲ್ಲಿ ಓಡಿಸಿ, ಅದು ವಿಂಡೋಸ್‌ನಲ್ಲಿ ಫೇಲ್ ಆಗಲಿ. ಫೇಲ್ ಆಗದಿದ್ದರೆ ನೀವು ಹಿಡಿದಿದ್ದು ಆ ಬಗ್ಗನ್ನಲ್ಲ. ಆಮೇಲೆ ಸರಿ ಮಾಡಿ, ಟೆಸ್ಟನ್ನೂ ಜೊತೆಗೇ ಕಳಿಸಿ.

ಪ್ರಶ್ನೆ: ಡಾಕ್ಯುಮೆಂಟೇಶನ್ ಒಂದು ಹೇಳುತ್ತೆ, ಕೋಡ್ ಇನ್ನೊಂದು ಮಾಡುತ್ತೆ. ಯಾವುದನ್ನ ತಿದ್ದಬೇಕು? ನನ್ನ ಇಂಗ್ಲಿಷ್ ಬೇರೆ ಅಷ್ಟಕ್ಕಷ್ಟೇ. – ಧಾರವಾಡ

ಉತ್ತರ: ಡಾಕ್ಯುಮೆಂಟೇಶನ್ ನಂಬಿ ಬರೆದವನಿಗೆ ಕ್ರ್ಯಾಶ್ ಆಗುತ್ತಿದ್ದರೆ, ಡೇಟಾ ಹೋಗುತ್ತಿದ್ದರೆ, ಕೋಡ್ ತಿದ್ದಿ. ಕೋಡ್ ವರ್ಷಗಟ್ಟಲೆ ಎಲ್ಲ ಪ್ಲಾಟ್‌ಫಾರ್ಮ್‌ನಲ್ಲೂ ಒಂದೇ ಥರ ನಡೆದುಕೊಂಡು ಬಂದಿದ್ದರೆ ಡಾಕ್ಯುಮೆಂಟೇಶನ್ ತಿದ್ದೋದೇ ವಾಸಿ, ಯಾಕೆಂದರೆ ಎಷ್ಟೋ ಪ್ರೋಗ್ರಾಂಗಳು ಅದನ್ನೇ ನೆಚ್ಚಿಕೊಂಡಿರುತ್ತವೆ, ಇವತ್ತು ಬದಲಾಯಿಸಿದರೆ ನಾಳೆ ಅವೆಲ್ಲ ಮುರಿಯುತ್ತವೆ. ಕಷ್ಟ ಇರೋದು ವಿಂಡೋಸ್‌ನಲ್ಲಿ ಒಂದು ಥರ, ಲಿನಕ್ಸ್‌ನಲ್ಲಿ ಒಂದು ಥರ ಆದಾಗ. ಅದನ್ನು ನೀವೇ ತೀರ್ಮಾನ ಮಾಡಬೇಡಿ. ಎರಡು ಕಡೆಯ ಫಲಿತಾಂಶವನ್ನೂ ಹಾಕಿ, ಲೈಬ್ರರಿ ನೋಡಿಕೊಳ್ಳುವವರನ್ನು ಕೇಳಿ.

ಇಂಗ್ಲಿಷ್ ಚಿಂತೆ ಬಿಡಿ. ವ್ಯಾಕರಣ ರಿವ್ಯೂ ಮಾಡುವವರು ತಿದ್ದುತ್ತಾರೆ, ತಪ್ಪು ಮಾಹಿತಿ ಅವರ ಕಣ್ಣಿಗೆ ಬೀಳದೆ ಹೋಗಬಹುದು. ನಿಮ್ಮ ರಿಪೋರ್ಟ್‌ನಲ್ಲಿ ಯಾವ ಆವೃತ್ತಿ, ಯಾವ ಸಿಸ್ಟಮ್, ಏನು ಬರೆದಿತ್ತು, ಏನಾಯಿತು, ಅದನ್ನು ತೋರಿಸುವ ಹತ್ತು ಸಾಲು ಕೋಡ್ – ಇಷ್ಟಿದ್ದರೆ ಓದುವವರಿಗೆ ಬೇರೇನೂ ಬೇಕಿಲ್ಲ.