ಹಸುಗೂಸಿನ ಗಡ್ಡೆ: ಆಪರೇಷನ್ ಮಾಡದೆ ಕಾಯಬಹುದೇ?

ಪ್ರಶ್ನೆ: ನಮ್ಮ ಮಗುವಿಗೆ ಮೂರು ತಿಂಗಳು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ 2.5 ಸೆಂ.ಮೀ. ಗಟ್ಟಿ ಗಡ್ಡೆಯಿದೆ. ನ್ಯೂರೋಬ್ಲಾಸ್ಟೋಮಾ ಇರಬಹುದು, ಆದರೂ ಕಾದು ನೋಡೋಣ ಎನ್ನುತ್ತಾರೆ ಡಾಕ್ಟರು. ಕ್ಯಾನ್ಸರನ್ನು ಬೆಳೆಯಲು ಬಿಟ್ಟಂತಾಗುವುದಿಲ್ಲವೇ?

ಉತ್ತರ: ಇಲ್ಲ. ಭ್ರೂಣದ ನರಕೋಶಗಳು ಪೂರ್ತಿ ಬಲಿಯದೆ ಉಳಿದಾಗ ಹುಟ್ಟುವ ಗಡ್ಡೆ ಇದು. ಎಳೆಗೂಸುಗಳಲ್ಲಿ ಎಷ್ಟೋ ಸಲ ತಾನಾಗಿಯೇ ಕರಗುತ್ತದೆ. ನವಜಾತ ಶಿಶುವಿನ ಅಡ್ರಿನಲ್‌ನಲ್ಲಿ ಆದ ರಕ್ತಸ್ರಾವವೂ ಸ್ಕ್ಯಾನ್‌ನಲ್ಲಿ ಗಡ್ಡೆಯಂತೆಯೇ ಕಾಣುವುದುಂಟು. ಹಾಗಾಗಿ ಆರು ತಿಂಗಳೊಳಗಿನ ಮಗುವಿನಲ್ಲಿ ಗಟ್ಟಿ ಗಡ್ಡೆ ಸುಮಾರು 3 ಸೆಂ.ಮೀ., ನೀರು ತುಂಬಿದ್ದಾದರೆ 5 ಸೆಂ.ಮೀ. ಮೀರದೆ, ಬೇರೆಡೆಗೆ ಹರಡದೆ ಇದ್ದರೆ ಬಯಾಪ್ಸಿಯನ್ನೂ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡದೆ ಕಾಯಬಹುದು.

ಆದರೆ ಕಾಯುವುದೆಂದರೆ ಸುಮ್ಮನಿರುವುದಲ್ಲ. ಮೊದಲ ತಿಂಗಳುಗಳಲ್ಲಿ 3ರಿಂದ 6 ವಾರಕ್ಕೊಮ್ಮೆ ಅಲ್ಟ್ರಾಸೌಂಡ್ ಆಗಬೇಕು, ಈ ಗಡ್ಡೆಯಿಂದ ಮೂತ್ರಕ್ಕೆ ಸೇರುವ ವಿಎಂಎ, ಎಚ್‌ವಿಎ ಎಂಬ ರಾಸಾಯನಿಕಗಳ ಅಂಶ ಅಳೆಸಬೇಕು. ಘನಗಾತ್ರವಾಗಲಿ ಈ ಅಂಶಗಳಾಗಲಿ ಅರ್ಧದಷ್ಟು ಹೆಚ್ಚಿದರೆ ಆಪರೇಷನ್ ಮಾತು ಬರುತ್ತದೆ. ತಂದೆತಾಯಿ ಎಡವುವುದು ಇಲ್ಲೇ: ಗಡ್ಡೆ ಎಲ್ಲ ದಿಕ್ಕಿಗೂ 2.5ರಿಂದ 2.9 ಸೆಂ.ಮೀ.ಗೆ ಬೆಳೆದರೆ ಅಲ್ಪ ವ್ಯತ್ಯಾಸ ಅನ್ನಿಸುತ್ತದೆ, ಘನಗಾತ್ರ ಮಾತ್ರ ಒಂದೂವರೆ ಪಟ್ಟು ದಾಟಿರುತ್ತದೆ. ಆದ್ದರಿಂದ ವರದಿಯಲ್ಲಿ ಮೂರೂ ಅಳತೆ ಬರೆಸಿ, ಆದಷ್ಟೂ ಒಂದೇ ಕಡೆ ಸ್ಕ್ಯಾನ್ ಮಾಡಿಸಿ.

ಕಾಲು ಆಡಿಸುವುದು ಕಡಿಮೆಯಾದರೆ, ಮೂತ್ರ ಕಟ್ಟಿದರೆ, ಒಂದು ಕಣ್ಣಿನ ರೆಪ್ಪೆ ಜೋತುಬಿದ್ದರೆ, ಕಣ್ಣಿನ ಸುತ್ತ ಪೆಟ್ಟಿಲ್ಲದೆ ಕಪ್ಪಾದರೆ, ಕಣ್ಣುಗುಡ್ಡೆ ಅಡ್ಡಾದಿಡ್ಡಿ ಕುಣಿದರೆ ಮುಂದಿನ ತಾರೀಖಿಗೆ ಕಾಯಬೇಡಿ. ಗಡ್ಡೆ ಬೆನ್ನುಹುರಿಯನ್ನು ಒತ್ತಿದ್ದರೆ ಗಂಟೆಗಳೂ ಮುಖ್ಯ.

ಪ್ರಶ್ನೆ: ಆರು ವಾರದ ಕೂಸು. ನ್ಯೂರೋಬ್ಲಾಸ್ಟೋಮಾ ಲಿವರ್‌ಗೆ ಹರಡಿದೆ, ಚರ್ಮದಲ್ಲಿ ನೀಲಿ ಗಂಟುಗಳಿವೆ. ಆದರೂ ವಾಸಿಯಾಗಬಹುದು ಎನ್ನುತ್ತಾರೆ. ನಂಬಬಹುದೇ?

ಉತ್ತರ: ನಂಬಬಹುದು, ಆದರೆ ಪರೀಕ್ಷೆ ಪೂರ್ತಿಯಾದ ಮೇಲೆ. 18 ತಿಂಗಳೊಳಗಿನ ಮಗುವಿನಲ್ಲಿ ರೋಗ ಚರ್ಮ, ಲಿವರ್, ಅಲ್ಪ ಪ್ರಮಾಣದಲ್ಲಿ ಅಸ್ಥಿಮಜ್ಜೆಗಷ್ಟೇ ಹರಡಿದ್ದರೆ ಅದನ್ನು 'ಎಂಎಸ್' ಹಂತ ಎನ್ನುತ್ತಾರೆ. ಇದೂ ಹೆಚ್ಚಾಗಿ ಕರಗುವಂಥದ್ದೇ. ಎರಡು ತಿಂಗಳೊಳಗಿನ ಕೂಸಿಗೆ ಅಪಾಯ ಬರುವುದು ಊದಿದ ಲಿವರ್‌ನಿಂದ: ಅದು ವಪೆಯನ್ನು (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ಒತ್ತುತ್ತದೆ, ಉಸಿರಾಟ ಕಟ್ಟುತ್ತದೆ. ಹೊಟ್ಟೆ ಬಿಗಿದು ಉಸಿರು ವೇಗವಾಗುತ್ತಿದ್ದರೆ ಕಾರ್ಬೋಪ್ಲಾಟಿನ್, ಎಟೊಪೊಸೈಡ್ ಕೀಮೋಥೆರಪಿಯನ್ನು ತಡಮಾಡದೆ ಶುರು ಮಾಡಬೇಕು. ಇಷ್ಟು ಚಿಕ್ಕ ಮಕ್ಕಳಿಗೆ ಡೋಸ್ ಲೆಕ್ಕ ಹಾಕುವುದು ತೂಕದ ಮೇಲೆ. ದೇಹದ ಮೇಲ್ಮೈ ವಿಸ್ತೀರ್ಣ ಹಿಡಿದರೆ ಔಷಧ ಹೆಚ್ಚಾಗಿಬಿಡುತ್ತದೆ.

ಗಡ್ಡೆಯ ಜೀನ್ ಪರೀಕ್ಷೆ ಬಿಡಲೇಬೇಡಿ. 'ಎಂವೈಸಿಎನ್' (MYCN) ಜೀನ್‌ನ ಪ್ರತಿಗಳು ವಿಪರೀತ ಹೆಚ್ಚಿದ್ದರೆ ತಾನಾಗಿ ಕರಗುವ ಭರವಸೆ ಉಳಿಯುವುದಿಲ್ಲ. ಆಗ ವಯಸ್ಸು ಎಷ್ಟೇ ಎಳೆಯದಾದರೂ ತೀವ್ರ ಚಿಕಿತ್ಸೆಯೇ ದಾರಿ: ಕೀಮೋ, ಆಪರೇಷನ್, ಆಕರಕೋಶಗಳ (ಸ್ಟೆಮ್ ಸೆಲ್) ಮರುಪೂರಣದ ಜೊತೆ ಹೆಚ್ಚಿನ ಡೋಸ್ ಕೀಮೋ, ಆಮೇಲೆ ಜಿಡಿ2 ಪ್ರತಿಕಾಯ (ಗಡ್ಡೆಯ ಕೋಶಗಳ ಮೇಲಿನ ಜಿಡಿ2 ಅಂಶವನ್ನು ಗುರುತಿಸಿ ಅಂಟಿಕೊಳ್ಳುವ ಔಷಧ).